ಆಂಪ್ ಯಾಕೆ ಕೇಳಿಸಿಕೊಳ್ಳುತ್ತಿಲ್ಲ? ಕಂಪ್ಯೂಟರಿಗೂ ಗಿಟಾರ್ ಆಂಪಿಗೂ ನಡುವಿನ ಮಿಡಿ ತಕರಾರು

ಹಾಡು ಕೋರಸ್‌ಗೆ ಬರುವ ಹೊತ್ತಿಗೆ ಆಂಪ್ ತಾನಾಗಿಯೇ ಕ್ಲೀನ್ ಚಾನೆಲ್ ಬಿಟ್ಟು ಡಿಸ್ಟಾರ್ಷನ್‌ಗೆ ಹೋಗಬೇಕು. ಲ್ಯಾಪ್‌ಟಾಪ್‌ನಲ್ಲಿ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಓಡುತ್ತಿದೆ. ಮಿಡಿ ಅಂದರೆ ಸಂಗೀತ ಸಾಧನಗಳು ಒಂದಕ್ಕೊಂದು ಆಜ್ಞೆ ಕಳಿಸುವ ಭಾಷೆ. ಅದರ ಟ್ರ್ಯಾಕ್‌ನಲ್ಲಿ 'ಇಂತಿಷ್ಟನೇ ಸೆಟ್ಟಿಂಗ್‌ಗೆ ಹೋಗು' ಎನ್ನುವ ಪ್ರೋಗ್ರಾಂ ಚೇಂಜ್ ಸಂದೇಶ ಸರಿಯಾದ ಜಾಗದಲ್ಲೇ ಕೂತಿದೆ. ಕಂಪ್ಯೂಟರನ್ನು ಮಿಡಿ ಕೇಬಲ್‌ಗೆ ಜೋಡಿಸುವ ಯುಎಸ್‌ಬಿ ಇಂಟರ್‌ಫೇಸ್‌ನ ಪುಟ್ಟ ದೀಪವೂ ಮಿನುಗಿತು. ಆಂಪ್ ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿಲ್ಲ.

ಇಂಥ ಹೊತ್ತಿನಲ್ಲಿ ಡ್ರೈವರ್ ಕಿತ್ತು ಮತ್ತೆ ಹಾಕುವುದೇ ಹೆಚ್ಚಿನವರ ಮೊದಲ ಮದ್ದು. ನನ್ನ ಪ್ರಕಾರ ಅದು ಕೊನೆಗೆ ಮಾಡಬೇಕಾದ ಕೆಲಸ. ಡ್ರೈವರ್ ನಿಜಕ್ಕೂ ಕೈಕೊಟ್ಟಿದ್ದರೆ ಸಾಮಾನ್ಯವಾಗಿ ಪೋರ್ಟಿನ ಹೆಸರೇ ಪಟ್ಟಿಯಲ್ಲಿ ಕಾಣುವುದಿಲ್ಲ. ದೀಪ ಮಿನುಗುವ ಮಾತಂತೂ ದೂರ ಉಳಿಯಿತು.

ತೊಂದರೆಯ ಬೇರು ಮಿಡಿಯ ಸ್ವಭಾವದಲ್ಲೇ ಇದೆ. 1983ರ ಜನವರಿಯಲ್ಲಿ ನ್ಯಾಮ್ ಎಂಬ ಸಂಗೀತ ವಾದ್ಯಗಳ ವ್ಯಾಪಾರ ಪ್ರದರ್ಶನದಲ್ಲಿ ಪ್ರಾಫೆಟ್-600 ಮತ್ತು ಜುಪಿಟರ್-6 ಎಂಬ ಎರಡು ಬೇರೆ ಕಂಪನಿಗಳ ಸಿಂಥ್‌ಗಳನ್ನು ಒಂದಕ್ಕೊಂದು ಜೋಡಿಸಿ ತೋರಿಸಿದ ದಿನದಿಂದ ಇವತ್ತಿನವರೆಗೂ ಐದು ಪಿನ್ನಿನ ಮಿಡಿ ಕೇಬಲ್ ಒಮ್ಮುಖ ರಸ್ತೆ. ಕಳಿಸಿದವರಿಗೆ ಸ್ವೀಕೃತಿ ಬರುವುದಿಲ್ಲ; ಡಬ್ಬಿಗೆ ಹಾಕಿದ ಅಂಚೆ ಕಾರ್ಡಿನ ಹಾಗೆ. ಇಂಟರ್‌ಫೇಸ್‌ನ ದೀಪ 'ಕಳಿಸಿದೆ' ಅನ್ನುತ್ತದೆ, ತಲುಪಿತೇ ಎಂಬುದು ಅದಕ್ಕೂ ತಿಳಿಯದು. ಆಂಪ್‌ಗೆ ಸಂದೇಶ ಅರ್ಥವಾಗದಿದ್ದರೆ ದೂರು ಹೇಳುವುದಿಲ್ಲ, ಸುಮ್ಮನೆ ಬಿಸಾಡುತ್ತದೆ. 2020ರಲ್ಲಿ ಬಂದ ಮಿಡಿ 2.0ದಲ್ಲಿ ಎರಡೂ ಕಡೆ ಮಾತುಕತೆಗೆ ದಾರಿ ಮಾಡಿದ್ದಾರೆ ನಿಜ, ಆದರೆ ಬಳಕೆಯಲ್ಲಿರುವ ಗಿಟಾರ್ ಆಂಪ್‌ಗಳ ಹಿಂಬದಿಯಲ್ಲಿ ಕಾಣುವುದು ಹಳೆಯ 1.0.

ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಅಲುಗಾಡಿಸಿದರೆ ಏನೂ ಗೊತ್ತಾಗುವುದಿಲ್ಲ. ಸಂದೇಶ ಎಲ್ಲಿಯವರೆಗೆ ಹೋಗಿದೆ ಎಂದು ಕಂಡುಹಿಡಿಯುವುದೊಂದೇ ದಾರಿ. ಸಾಫ್ಟ್‌ವೇರ್, ಆಪರೇಟಿಂಗ್ ಸಿಸ್ಟಂನ ಪೋರ್ಟ್, ಇಂಟರ್‌ಫೇಸ್, ಕೇಬಲ್, ಆಂಪಿನ ಸಾಕೆಟ್, ಕೊನೆಗೆ ಆಂಪಿನ ಒಳಗಿನ ಮೈಕ್ರೋಕಂಟ್ರೋಲರ್. ಈ ಸಾಲನ್ನು ನಡುವೆ ಕತ್ತರಿಸಿ ನೋಡಬೇಕು.

ನಡುವೆ ಕತ್ತರಿಸುವ ಅತಿ ಸುಲಭದ ಉಪಾಯ ಲೂಪ್‌ಬ್ಯಾಕ್. ಆಂಪ್ ಕಡೆಯಿಂದ ಕೇಬಲ್ ಬಿಚ್ಚಿ, ಇಂಟರ್‌ಫೇಸ್‌ನ ಔಟ್‌ನಿಂದ ಅದರದೇ ಇನ್‌ಗೆ ಹಾಕಿ. ವಿಂಡೋಸ್‌ನಲ್ಲಿ ಮಿಡಿ-ಆಕ್ಸ್, ಮ್ಯಾಕ್‌ನಲ್ಲಿ ಮಿಡಿ ಮಾನಿಟರ್, ಲಿನಕ್ಸ್‌ನಲ್ಲಿ ಅದರ ಧ್ವನಿ ವ್ಯವಸ್ಥೆ ಅಲ್ಸಾ ಜತೆ ಸಿಗುವ ಎಸೆಕ್‌ಡಂಪ್, ಹೀಗೆ ಬಂದ ಸಂದೇಶ ತೋರಿಸುವ ಒಂದು ಪ್ರೋಗ್ರಾಂ ತೆರೆದಿಟ್ಟು ಒಂದು ಪ್ರೋಗ್ರಾಂ ಚೇಂಜ್ ಕಳಿಸಿ. ಕಳಿಸಿದ್ದು ಹಾಗೇ ವಾಪಸ್ ಕಂಡರೆ ಕಂಪ್ಯೂಟರ್, ಡ್ರೈವರ್, ಇಂಟರ್‌ಫೇಸ್, ಆ ಕೇಬಲ್ ನಾಲ್ಕೂ ಸರಿ ಇವೆ. ಇನ್ನು ಹುಡುಕಾಟ ಆಂಪ್ ಕಡೆಗೆ. ಕಾಣದಿದ್ದರೆ ಆಂಪ್ ಮುಟ್ಟುವ ಅಗತ್ಯವೇ ಇಲ್ಲ. ಒಂದು ಎಚ್ಚರಿಕೆ: ಈ ಪರೀಕ್ಷೆ ಮಾಡುವಾಗ ರೀಪರ್‌ನಲ್ಲಿ ಅದೇ ಟ್ರ್ಯಾಕ್‌ಗೆ ಇನ್‌ಪುಟ್ ಮಾನಿಟರಿಂಗ್ ಆಫ್ ಇರಲಿ. ಇಲ್ಲದಿದ್ದರೆ ಬಂದ ಸಂದೇಶ ಮತ್ತೆ ಹೊರಗೆ ಹೋಗಿ, ಮತ್ತೆ ಒಳಗೆ ಬಂದು, ಸುತ್ತುತ್ತಲೇ ಇರುತ್ತದೆ.

ಯುಎಸ್‌ಬಿ ತುದಿಯಿಂದ ಎರಡು ಡಿನ್ ಪ್ಲಗ್ (ಮಿಡಿಯ ದುಂಡನೆಯ ಐದು ಪಿನ್ನಿನ ಪ್ಲಗ್) ಜೋತುಬಿದ್ದಿರುವ ಕೇಬಲ್ ಮಾದರಿಯ ಇಂಟರ್‌ಫೇಸ್ ನಿಮ್ಮದಾಗಿದ್ದರೆ ಎರಡೂ ಗಂಡು ಪ್ಲಗ್. ಒಂದಕ್ಕೊಂದು ಕೂಡಿಸಲು ಹೆಣ್ಣು-ಹೆಣ್ಣು ಕಪ್ಲರ್ ಬೇಕು. ಈ ಬಗೆಯ ಕೇಬಲ್‌ಗಳಲ್ಲೇ ಇನ್ನೊಂದು ಗೊಂದಲ: ಪ್ಲಗ್ ಮೇಲೆ 'ಇನ್' ಎಂದು ಅಚ್ಚಾಗಿದ್ದರೆ ಅದು ಕಂಪ್ಯೂಟರಿನ ಇನ್ನೋ, ಆಂಪಿನ ಇನ್‌ಗೆ ಚುಚ್ಚಬೇಕಾದದ್ದೋ? ಕೆಲವರು ಒಂದು ಅರ್ಥದಲ್ಲಿ ಮುದ್ರಿಸುತ್ತಾರೆ, ಕೆಲವರು ಇನ್ನೊಂದರಲ್ಲಿ. ಸಂಶಯ ಬಂದರೆ ಅದಲು ಬದಲು ಮಾಡಿ ನೋಡಿ. ಸರಿಯಾದ ಮಿಡಿ ಸರ್ಕ್ಯೂಟಿನಲ್ಲಿ ಕರೆಂಟ್‌ಗೆ ರೆಸಿಸ್ಟರ್‌ಗಳ ಕಡಿವಾಣ ಇರುವುದರಿಂದ ಔಟ್‌ಗೆ ಔಟ್ ಎದುರಾದರೆ ಏನೂ ಸುಡುವುದಿಲ್ಲ, ಕೆಲಸ ಮಾಡುವುದಿಲ್ಲ ಅಷ್ಟೇ.

ಅಗ್ಗದ ಕೇಬಲ್‌ಗಳ ಬಗ್ಗೆ ನನ್ನ ಅಭಿಪ್ರಾಯ ಅಷ್ಟೇನೂ ಒಳ್ಳೆಯದಲ್ಲ, ಆದರೆ ಸುಮ್ಮನೆ ಬಯ್ಯುವುದೂ ಸರಿಯಲ್ಲ. ಎರಡು-ಮೂರು ಬೈಟಿನ ಸಂದೇಶಗಳನ್ನು, ಅಂದರೆ ಪ್ರೋಗ್ರಾಂ ಚೇಂಜ್ ಮತ್ತು ಒಂದು ನಾಬ್ ಅಥವಾ ಸ್ವಿಚ್ಚಿನ ಮೌಲ್ಯ ಹೇಳುವ ಕಂಟ್ರೋಲ್ ಚೇಂಜ್‌ಗಳನ್ನು, ಅವು ಬಹುತೇಕ ಸರಿಯಾಗಿಯೇ ದಾಟಿಸುತ್ತವೆ. ಎಡವುವುದು ಉದ್ದದ ಸಿಸ್ಟಂ ಎಕ್ಸ್‌ಕ್ಲೂಸಿವ್ ಸಂದೇಶಗಳಲ್ಲಿ, ಅಂದರೆ ತಯಾರಕರು ತಮ್ಮ ಸಾಧನಕ್ಕೆಂದೇ ಮಾಡಿಕೊಂಡ ಸಂದೇಶಗಳಲ್ಲಿ: ಒಳಗಿನ ಬಫರ್ ತುಂಬಿ ನಡುವಿನ ಬೈಟ್‌ಗಳು ಬಿದ್ದುಹೋಗುತ್ತವೆ. ಕೆಲವದರಲ್ಲಿ ಇನ್ ಕಡೆ ಇರಬೇಕಾದ ಆಪ್ಟೊಕಪ್ಲರ್ (ತಂತಿ ತಾಗಿಸದೆ ಬೆಳಕಿನ ಮೂಲಕ ಸಂದೇಶ ದಾಟಿಸುವ ಬಿಡಿಭಾಗ) ಕೂಡ ಇರುವುದಿಲ್ಲ. ಚಾನೆಲ್ ಬದಲಿಸುವುದಷ್ಟೇ ಕೆಲಸವಾದರೆ ಸಾಕು. ಪ್ಯಾಚ್‌ಗಳ, ಅಂದರೆ ಉಳಿಸಿಟ್ಟ ಸೆಟ್ಟಿಂಗ್‌ಗಳ, ಬ್ಯಾಕಪ್ ತೆಗೆಯಲು ನಂಬಬೇಡಿ.

ಕೇಬಲನ್ನು ಈಗ ಹತ್ತಿರದಿಂದ ನೋಡೋಣ. ಪ್ಲಗ್ಗಿನ ಐದು ಪಿನ್‌ಗಳು ಅರ್ಧವೃತ್ತದಲ್ಲಿ 1, 4, 2, 5, 3 ಎಂಬ ಕ್ರಮದಲ್ಲಿವೆ. 1ರಿಂದ 5 ಸಾಲಾಗಿ ಇಲ್ಲ. ಮನೆಯಲ್ಲೇ ಬೆಸೆದ ಕೇಬಲ್ ಸೋಲುವುದು ಹೆಚ್ಚಾಗಿ ಇಲ್ಲೇ. ನಡುವಿನದು 2, ಅದು ಶೀಲ್ಡ್. ಅದರ ಅಕ್ಕಪಕ್ಕದ 4 ಮತ್ತು 5ರಲ್ಲೇ ಸಂದೇಶ ಓಡುವುದು. ತುದಿಯ 1 ಮತ್ತು 3 ಖಾಲಿ. ಬೆಸೆಯುವಾಗ ಪ್ಲಗ್ಗನ್ನು ಹಿಂಬದಿಯಿಂದ ನೋಡುತ್ತೇವೆ, ಚಿತ್ರ ಮುಂಬದಿಯದಾಗಿರುತ್ತದೆ. 4 ಮತ್ತು 5 ಅದಲು ಬದಲಾಗಿ ಕೇಬಲ್ ಪೂರ್ತಿ ಮೂಕವಾಗುತ್ತದೆ. ಮಲ್ಟಿಮೀಟರನ್ನು ಬೀಪ್ ಮೋಡಿನಲ್ಲಿಟ್ಟು ಎರಡು ತುದಿಗಳ ನಡುವೆ 4ಕ್ಕೆ 4, 5ಕ್ಕೆ 5, 2ಕ್ಕೆ 2 ಕೂಗುತ್ತವೆಯೇ ನೋಡಿ. 4 ಮತ್ತು 5ರ ನಡುವೆ ಕೂಗಬಾರದು. ಹಳೆಯ ಟೇಪ್‌ರೆಕಾರ್ಡರ್ ಕಾಲದ ಡಿನ್ ಆಡಿಯೋ ಕೇಬಲ್ ನೋಡಲು ಇದೇ ಥರ ಇದ್ದರೂ ಒಳಗಿನ ವೈರಿಂಗ್ ಬೇರೆ ಇರಬಹುದು. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಬಿಡಿ ಪ್ಲಗ್ ಕೊಳ್ಳುವಾಗ 'ಐದು ಪಿನ್, 180 ಡಿಗ್ರಿ' ಎಂದೇ ಕೇಳಿ. 240 ಡಿಗ್ರಿಯದೂ ಐದು ಪಿನ್ನಿನದೇ, ಆದರೆ ಮಿಡಿ ಸಾಕೆಟ್‌ಗೆ ಕೂರುವುದಿಲ್ಲ.

ಇದೇ ಪರೀಕ್ಷೆಯಲ್ಲಿ ಒಂದು ಬಲೆ ಇದೆ. ಆಂಪಿನ ಮಿಡಿ ಇನ್ ಸಾಕೆಟ್‌ನ ಪಿನ್ 2ಕ್ಕೂ ಆಂಪಿನ ಲೋಹದ ಚಾಸಿಗೂ ಸಂಪರ್ಕ ಇಲ್ಲದ್ದನ್ನು ಕಂಡು 'ಒಳಗೆ ತುಂಡಾಗಿದೆ' ಎಂದು ತೀರ್ಮಾನಿಸುವವರಿದ್ದಾರೆ. ಅದು ಇರಬೇಕಾದದ್ದೇ ಹಾಗೆ. ಶೀಲ್ಡ್ ಅನ್ನು ಕಳಿಸುವ ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಿ, ಇನ್ ತುದಿಯಲ್ಲಿ ಬಿಟ್ಟಿರುತ್ತಾರೆ. ಕಂಪ್ಯೂಟರ್ ಮತ್ತು ಆಂಪ್‌ಗಳ ಗ್ರೌಂಡ್ ಒಂದಕ್ಕೊಂದು ಸೇರಿ ಗುಂಯ್‌ಗುಡಬಾರದು ಎಂದೇ ಈ ಏರ್ಪಾಟು.

ಇಂಟರ್‌ಫೇಸ್‌ನಿಂದ ಏನಾದರೂ ಹೊರಬರುತ್ತಿದೆಯೇ ಎಂದು ಕಣ್ಣಾರೆ ನೋಡಲು ಒಂದು ಕೆಂಪು ಎಲ್‌ಇಡಿ ಸಾಕು. ಉದ್ದದ ಕಾಲು ಪಿನ್ 4ಕ್ಕೆ, ಗಿಡ್ಡದ್ದು 5ಕ್ಕೆ. ಬೇರೆ ರೆಸಿಸ್ಟರ್ ಬೇಡ, ಔಟ್ ಸರ್ಕ್ಯೂಟಿನಲ್ಲೇ ಇದೆ. ಮೂಲ ವಿನ್ಯಾಸದಲ್ಲಿ 220 ಓಮ್‌ನವು ಎರಡು. ಸಂದೇಶ ಇಲ್ಲದಾಗ ಮಿಡಿ ತಂತಿಯಲ್ಲಿ ಕರೆಂಟ್ ಹರಿಯುವುದಿಲ್ಲ, ಎಲ್‌ಇಡಿ ಆರಿರುತ್ತದೆ. ಒಂದೇ ಒಂದು ಪ್ರೋಗ್ರಾಂ ಚೇಂಜ್ ಕಳಿಸಿ ಏನೂ ಕಾಣಲಿಲ್ಲ ಎನ್ನಬೇಡಿ. ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಒಂದು ಬೈಟ್‌ಗೆ ಹಿಡಿಯುವುದು 320 ಮೈಕ್ರೋಸೆಕೆಂಡ್. ಪ್ರೋಗ್ರಾಂ ಚೇಂಜ್ ಎರಡೇ ಬೈಟ್, 640 ಮೈಕ್ರೋಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಕಣ್ಣಿಗೆ ಸಿಗುವಷ್ಟು ಬೆಳಕು ಬೇಕಾದರೆ ಕಂಟ್ರೋಲ್ ಚೇಂಜ್‌ನ ನಾಬ್ ಒಂದನ್ನು ಎಡಬಿಡದೆ ತಿರುಗಿಸುತ್ತಿರಿ. ಮಂದವಾಗಿ ಮಿಣುಕಿದರೆ ಸಾಕು, ಸಂದೇಶ ಹೊರಗೆ ಬರುತ್ತಿದೆ.

ಐದು ಪಿನ್ ಬದಲು ಆಡಿಯೋ ಜ್ಯಾಕ್‌ನಂಥ ಮೂರು ಸಂಪರ್ಕದ ಟಿಆರ್‌ಎಸ್ ಸಾಕೆಟ್ ಇದ್ದರೆ ಎ ಬಗೆ, ಬಿ ಬಗೆ ಎಂಬ ಪಜೀತಿ ಇದೆ. 2018ರಲ್ಲಿ ಮಾನದಂಡವಾಗಿ ಒಪ್ಪಿದ್ದು ಎ: ತುದಿ ಪಿನ್ 5, ನಡುವಿನ ಉಂಗುರ ಪಿನ್ 4, ಬುಡ ಪಿನ್ 2. ಬಿ ಬಗೆಯಲ್ಲಿ ತುದಿ ಮತ್ತು ಉಂಗುರ ಅದಲು ಬದಲು. ಅಡಾಪ್ಟರ್ ತಪ್ಪಿದರೆ ಲಕ್ಷಣ ಒಂದೇ, ಪೂರ್ತಿ ಮೌನ.

ಇನ್ನು ಆಂಪ್ ಕಡೆ. ಹಿಂಬದಿಯಲ್ಲಿ ದುಂಡನೆಯ ಡಿನ್ ಸಾಕೆಟ್ ಕಂಡ ಮಾತ್ರಕ್ಕೆ ಅದು ಮಿಡಿ ಆಗಬೇಕಿಲ್ಲ. ಎಷ್ಟೋ ಆಂಪ್‌ಗಳು ತಮ್ಮದೇ ಫುಟ್‌ಸ್ವಿಚ್‌ಗೆ ಡಿನ್ ಸಾಕೆಟ್ ಬಳಸುತ್ತವೆ. ಅಲ್ಲಿ ನೇರ ವೋಲ್ಟೇಜ್ ಇರಬಹುದು. ಮೇಲೆ 'ಮಿಡಿ ಇನ್' ಎಂದು ಬರೆದಿರದಿದ್ದರೆ ಚುಚ್ಚಬೇಡಿ. ಯುಎಸ್‌ಬಿ ಸಾಕೆಟ್ಟೂ ಹಾಗೆಯೇ: ಕೆಲವು ಆಂಪ್‌ಗಳಲ್ಲಿ ಅದು ರೆಕಾರ್ಡಿಂಗ್‌ಗೆ ಅಥವಾ ಫರ್ಮ್‌ವೇರ್ ಹಾಕಲು ಮಾತ್ರ. ಮತ್ತೆ, ಇನ್‌ಗೆ ಬಂದದ್ದನ್ನು ಹಾಗೇ ಮುಂದಕ್ಕೆ ಕಳಿಸುವ ಥ್ರೂ ಸಾಕೆಟ್ ಮತ್ತು ಇನ್ ಅಕ್ಕಪಕ್ಕ ಇದ್ದರೆ ಆಂಪ್ ಹಿಂದೆ ಬಗ್ಗಿ ತಡವಿ ಚುಚ್ಚುವಾಗ ಥ್ರೂಗೆ ಹೋಗುವುದು ತೀರಾ ಮಾಮೂಲು.

ಸಾಕೆಟ್ ಸರಿ ಇದ್ದೂ ಆಂಪ್ ಸುಮ್ಮನಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ: ಆಂಪ್‌ಗೆ ಪಾಠ ಹೇಳಿಕೊಟ್ಟಿದ್ದೀರಾ? ವಾಲ್ವ್ ಆಂಪ್‌ನ ನಾಬ್‌ಗಳು ನಿಜವಾದ ನಾಬ್‌ಗಳು. ಮಾರ್ಷಲ್ ಜೆವಿಎಂ410ಎಚ್‌ನಂಥ ಹೆಡ್‌ನಲ್ಲಿ 4 ಚಾನೆಲ್, ಒಂದೊಂದಕ್ಕೆ 3 ಮೋಡ್. ಮಿಡಿ ಮಾಡುವುದು ಚಾನೆಲ್, ಮೋಡ್, ರಿವರ್ಬ್, ಎಫೆಕ್ಟ್ಸ್ ಲೂಪ್, ಎರಡು ಮಾಸ್ಟರ್‌ಗಳಲ್ಲಿ ಯಾವುದು ಎಂಬಂಥ ಸ್ವಿಚ್‌ಗಳ ಸ್ಥಿತಿಯನ್ನು ನೆನಪಿಟ್ಟು ವಾಪಸ್ ತರುವುದನ್ನಷ್ಟೇ. ಗೇನ್ ನಾಬನ್ನು ಅದು ತಿರುಗಿಸುವುದಿಲ್ಲ. ಯಾವ ನಂಬರ್ ಬಂದರೆ ಯಾವ ಸ್ಥಿತಿ ಎಂದು ಒಮ್ಮೆ ಕಲಿಸಬೇಕು: ಮುಂಬದಿಯಲ್ಲಿ ಬೇಕಾದ ಚಾನೆಲ್ ಆರಿಸಿ, ಮಿಡಿ ಕಲಿಕೆಯ ಬಟನ್ ಒತ್ತಿಹಿಡಿದು, ದೀಪ ಬಂದಾಗ ಕಂಪ್ಯೂಟರಿನಿಂದ ಆ ನಂಬರ್ ಕಳಿಸುವುದು. ಬಟನ್ ಯಾವುದು, ಎಷ್ಟು ಹೊತ್ತು ಎಂಬುದು ಮಾಡೆಲ್‌ಗೆ ತಕ್ಕಂತೆ ಬದಲಾಗುತ್ತದೆ, ಮ್ಯಾನುಯಲ್ ನೋಡಿ. ಕಲಿಕೆಯ ಮೋಡಿನಲ್ಲಿ ಸಂದೇಶ ಕಳಿಸಿದಾಗ ದೀಪ ಆರಿದರೆ ಅದು ಆಂಪ್ ಕೊಡಬಹುದಾದ ಸ್ವೀಕೃತಿಗೆ ಅತಿ ಹತ್ತಿರದ್ದು. ಒಮ್ಮುಖ ರಸ್ತೆಯಲ್ಲಿ ಅಷ್ಟು ಸಿಕ್ಕಿದ್ದೇ ಪುಣ್ಯ.

ಇಂಥ ಪರೀಕ್ಷೆಗೆ ವಾಲ್ಯೂಮ್ ಬೇಕಿಲ್ಲ. ಹೆಚ್ಚಿನ ಆಂಪ್‌ಗಳಲ್ಲಿ ಸ್ಟ್ಯಾಂಡ್‌ಬೈನಲ್ಲೂ ಸ್ವಿಚಿಂಗ್ ನಡೆಯುತ್ತದೆ. ಚಾನೆಲ್ ದೀಪ ಬದಲಾಗುವುದು ಕಾಣುತ್ತದೆ, ರಿಲೇ ಇದ್ದರೆ ಅದರ ಟಿಕ್ ಸದ್ದೂ ಕೇಳುತ್ತದೆ. ಸ್ಪೀಕರ್ ಮಾತ್ರ ಜೋಡಿಸಿಯೇ ಇಡಿ. ವಾಲ್ವ್ ಆಂಪ್‌ಗೆ ಲೋಡ್ ಇಲ್ಲದೆ ಚಾಲೂ ಮಾಡುವ ಅಭ್ಯಾಸ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಗಂಡಾಂತರ.

ನಂಬರಿನ ಜಗಳ ಎರಡನೆಯದು. ತಂತಿಯ ಮೇಲೆ ಪ್ರೋಗ್ರಾಂ ಸಂಖ್ಯೆ 0ಯಿಂದ 127, ಮಿಡಿ ಚಾನೆಲ್ (ಆಂಪಿನ ಕ್ಲೀನ್-ಡಿಸ್ಟಾರ್ಷನ್ ಚಾನೆಲ್ ಅಲ್ಲ, ಸಂದೇಶ ಯಾರಿಗೆ ಎಂದು ಹೇಳುವ ಸಂಖ್ಯೆ) 0ಯಿಂದ 15. ಪರದೆಯ ಮೇಲೆ ಚಾನೆಲ್ಲನ್ನು 1ರಿಂದ 16 ಎಂದು ತೋರಿಸುವುದರಲ್ಲಿ ಬಹುತೇಕ ಎಲ್ಲರೂ ಒಂದೇ. ಪ್ರೋಗ್ರಾಂ ಸಂಖ್ಯೆಯಲ್ಲಿ ಕೆಲವರು 0ಯಿಂದ, ಕೆಲವರು 1ರಿಂದ ಎಣಿಸುತ್ತಾರೆ. ಆಂಪ್ ಕೆಲಸ ಮಾಡುತ್ತಿದೆ ಆದರೆ ಪಕ್ಕದ ಪ್ಯಾಚ್‌ಗೆ ಹೋಗುತ್ತಿದೆ ಎಂದರೆ ಇದೇ. ಮಾನಿಟರ್‌ನಲ್ಲಿ ಕಚ್ಚಾ ಬೈಟ್ ನೋಡಿ: ಮೊದಲ ಚಾನೆಲ್‌ನ ಪ್ರೋಗ್ರಾಂ ಚೇಂಜ್ 192ರಿಂದ ಶುರುವಾಗುತ್ತದೆ, ಹೆಕ್ಸ್‌ನಲ್ಲಿ ಸಿ0. 193 ಕಂಡರೆ ನೀವು ಎರಡನೇ ಚಾನೆಲ್‌ಗೆ ಕಳಿಸುತ್ತಿದ್ದೀರಿ. 176 ಕಂಡರೆ ಅದು ಕಂಟ್ರೋಲ್ ಚೇಂಜ್, ಪ್ರೋಗ್ರಾಂ ಚೇಂಜ್ ಅಲ್ಲವೇ ಅಲ್ಲ. ಎಲ್ಲಾ ಚಾನೆಲ್ ಕೇಳುವ ಆಮ್ನಿ ಮೋಡಿಗೆ ಆಂಪನ್ನು ಹಾಕಿದರೆ ಈ ಗೋಜು ತಪ್ಪುತ್ತದೆ, ಆದರೆ ಅದೇ ಸಾಲಿನಲ್ಲಿ ಕೀಬೋರ್ಡ್ ಕೂಡ ಇದ್ದರೆ ಅದರ ಪ್ಯಾಚ್ ಬದಲಾದಾಗಲೆಲ್ಲ ಗಿಟಾರ್ ಚಾನೆಲ್ಲೂ ಹಾರುತ್ತದೆ. ಪರೀಕ್ಷೆಗೆ ಆಮ್ನಿ, ವೇದಿಕೆಗೆ ಗೊತ್ತಾದ ಒಂದು ಚಾನೆಲ್.

ಸಾಫ್ಟ್‌ವೇರ್ ಕಡೆ ಬಂದರೆ, ರೀಪರ್‌ನಲ್ಲಿ ಎರಡು ಜಾಗ ನೋಡಬೇಕು: ಪ್ರಿಫರೆನ್ಸಸ್‌ನ ಮಿಡಿ ಪಟ್ಟಿಯಲ್ಲಿ ಔಟ್‌ಪುಟ್ ಎನೇಬಲ್ ಆಗಿರಬೇಕು, ಟ್ರ್ಯಾಕ್‌ನ ರೂಟಿಂಗ್‌ನಲ್ಲಿ ಹಾರ್ಡ್‌ವೇರ್ ಮಿಡಿ ಔಟ್‌ಪುಟ್ ಆಗಿ ಅದೇ ಪೋರ್ಟ್ ಆರಿಸಿರಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಡುವುದೇ ಹೆಚ್ಚು. ವಿಂಡೋಸ್‌ನ ಹಳೆಯ ಮಾದರಿಯ ಹಲವು ಡ್ರೈವರ್‌ಗಳು ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂಗೆ ಕೊಡುತ್ತವೆ. ಆಂಪಿನ ಎಡಿಟರ್ ಹಿನ್ನೆಲೆಯಲ್ಲಿ ತೆರೆದಿದ್ದರೆ ರೀಪರ್‌ಗೆ ಪೋರ್ಟ್ ಸಿಗುವುದಿಲ್ಲ. ಅಷ್ಟೇಕೆ, ತಪಾಸಣೆಗೆಂದು ತೆರೆದ ಮಿಡಿ-ಆಕ್ಸ್ ಕೂಡ ಪೋರ್ಟ್ ಹಿಡಿದು ಕೂತಿರಬಹುದು. ಮ್ಯಾಕ್‌ನಲ್ಲಿ ಈ ತಕರಾರಿಲ್ಲ. ಅಲ್ಲಿ ಆಡಿಯೋ ಮಿಡಿ ಸೆಟಪ್ ತೆರೆದು ಸಾಧನದ ಚಿತ್ರ ಮಸುಕಾಗಿದೆಯೇ ನೋಡಿ. ಮಸುಕಾಗಿದ್ದರೆ ಹೆಸರು ನೆನಪಿದೆ, ಸಾಧನ ಇಲ್ಲ ಎಂದರ್ಥ.

ಹಾಡಿನ ಮೊದಲಿಂದ ನುಡಿಸಿದರೆ ಸರಿ, ನಡುವಿನಿಂದ ನುಡಿಸಿದರೆ ತಪ್ಪು ಚಾನೆಲ್. ಇದು ಕೇಬಲ್‌ನ ದೋಷವಲ್ಲ. ಪ್ಲೇಹೆಡ್ ದಾಟಿದಾಗ ಮಾತ್ರ ಪ್ರೋಗ್ರಾಂ ಚೇಂಜ್ ಹೊರಡುತ್ತದೆ. ಹಿಂದಿನ ಸಂದೇಶಗಳನ್ನು ಹುಡುಕಿ ಕಳಿಸುವ ಚೇಸ್ ಆಯ್ಕೆ ಇದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಭಾಗದ ಆರಂಭದಲ್ಲೂ ಒಂದೊಂದು ಸಂದೇಶ ಇಡಿ. ಬಡಿತದ ಮೇಲೇ ನೆಟ್ಟಗೆ ಇಡಬೇಡಿ. ಸ್ವಿಚಿಂಗ್‌ಗೆ ಮತ್ತು ಅದರ ಜತೆಗಿನ ಕ್ಷಣದ ಮ್ಯೂಟ್‌ಗೆ ಸಮಯ ಬೇಕು, 20–30 ಮಿಲಿಸೆಕೆಂಡ್ ಮುಂಚೆ ಇದ್ದರೆ ಕೋರಸ್‌ನ ಮೊದಲ ಪೆಟ್ಟು ಕತ್ತರಿಸುವುದಿಲ್ಲ. ಬ್ಯಾಂಕ್ (ಪ್ರೋಗ್ರಾಂಗಳ ಗುಂಪು) ಬದಲಿಸುವುದಿದ್ದರೆ ಕಂಟ್ರೋಲ್ ಚೇಂಜ್ 0, ಬೇಕಾದಲ್ಲಿ 32, ಆಮೇಲೆ ಪ್ರೋಗ್ರಾಂ ಚೇಂಜ್. ಮೂರನ್ನೂ ಒಂದೇ ಬಿಂದುವಿನಲ್ಲಿ ಇಟ್ಟರೆ ಕ್ರಮ ತಪ್ಪಬಹುದು, ಕೆಲವು ಟಿಕ್‌ಗಳ ಅಂತರ ಕೊಡಿ.

ಸ್ಟಾಪ್ ಒತ್ತಿದಾಗ ಆಂಪ್ ವಿಚಿತ್ರವಾಗಿ ಆಡಿದರೆ ಕಂಟ್ರೋಲ್ 120ರಿಂದ 127 ಕಡೆ ಗಮನ ಕೊಡಿ. ಆ ಎಂಟು ಸಂಖ್ಯೆಗಳು 'ಎಲ್ಲಾ ಸ್ವರ ನಿಲ್ಲಿಸು' ಬಗೆಯ ಆಜ್ಞೆಗಳಿಗೆ ಮೀಸಲು, 123 ಅದೇ. ನಿಂತಾಗ ಸಾಫ್ಟ್‌ವೇರ್ ಇಂಥವನ್ನು ತಾನಾಗಿ ಕಳಿಸುತ್ತದೆ. ಆಂಪಿನ ಯಾವ ಸ್ವಿಚ್ಚನ್ನೂ ಆ ಸಂಖ್ಯೆಗಳಿಗೆ ಕಲಿಸಬಾರದು.

ಯುಎಸ್‌ಬಿಯಲ್ಲೇ ನೇರ ಮಿಡಿ ಮಾತಾಡುವ ಬಾಸ್ ಕಟಾನದಂಥ ಆಂಪ್‌ಗಳ ಕಥೆ ಸ್ವಲ್ಪ ಬೇರೆ. ಇಲ್ಲಿ ಡ್ರೈವರ್ ನಿಜಕ್ಕೂ ಮುಖ್ಯ, ಮತ್ತು ಕೇಬಲ್ ಬರೀ ಚಾರ್ಜಿಂಗ್‌ನದಾಗಿರಬಾರದು. ಒಂದೇ ಯುಎಸ್‌ಬಿ ತಂತಿಯೊಳಗೆ 16ರವರೆಗೆ ಕಾಲ್ಪನಿಕ ಮಿಡಿ ಕೇಬಲ್‌ಗಳನ್ನು ಓಡಿಸಲು 1999ರ ಯುಎಸ್‌ಬಿ-ಮಿಡಿ ನಿಯಮ ಅವಕಾಶ ಕೊಟ್ಟಿದೆ. ಒಂದೇ ಸಾಧನಕ್ಕೆ ಪಟ್ಟಿಯಲ್ಲಿ ಎರಡು ಹೆಸರು ಕಾಣುವುದು ಅದಕ್ಕೇ. ಒಂದರಲ್ಲಿ ಕೆಲಸವಾಗದಿದ್ದರೆ ಇನ್ನೊಂದನ್ನು ಆರಿಸಿ ನೋಡಿ. ಆಂಪನ್ನು ಮೊದಲು ಆನ್ ಮಾಡಿ, ಆಮೇಲೆ ರೀಪರ್ ತೆರೆಯಿರಿ. ಮಿಡಿ ಪೆಡಲ್‌ನ ಯುಎಸ್‌ಬಿಯನ್ನು ನೇರವಾಗಿ ಆಂಪಿನ ಯುಎಸ್‌ಬಿಗೆ ಚುಚ್ಚಿದರೆ ಏನೂ ಆಗುವುದಿಲ್ಲ, ಎರಡೂ ಕಂಪ್ಯೂಟರಿನಂಥ ಒಬ್ಬ ಯಜಮಾನನಿಗಾಗಿ ಕಾಯುತ್ತಿರುತ್ತವೆ. ನಡುವೆ ಹೋಸ್ಟ್ ಪೆಟ್ಟಿಗೆ ಬೇಕು.

ಇಂಥ ಆಂಪ್‌ಗಳ ಒಳಗಿನ ಸೆಟ್ಟಿಂಗ್ ಬದಲಿಸಲು ಸಿಸ್ಟಂ ಎಕ್ಸ್‌ಕ್ಲೂಸಿವ್ ಸಂದೇಶ ಕೈಯಾರೆ ಬರೆಯುವವರು ಹೆಚ್ಚಾಗಿ ಮುಗ್ಗರಿಸುವುದು ಚೆಕ್‌ಸಮ್‌ನಲ್ಲಿ, ಅಂದರೆ ಸಂದೇಶ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಇಡುವ ಬೈಟಿನಲ್ಲಿ. ಸಂದೇಶ 240ರಿಂದ ಶುರು, 247ರಲ್ಲಿ ಮುಗಿತಾಯ, ನಡುವಿನ ಯಾವ ಬೈಟೂ 127 ದಾಟಬಾರದು. ರೋಲ್ಯಾಂಡ್-ಬಾಸ್ ಪದ್ಧತಿಯಲ್ಲಿ ವಿಳಾಸ ಮತ್ತು ಮೌಲ್ಯದ ಬೈಟ್‌ಗಳನ್ನು ಕೂಡಿ, 128ರಿಂದ ಭಾಗಿಸಿ, ಶೇಷವನ್ನು 128ರಿಂದ ಕಳೆಯಬೇಕು. ವಿಳಾಸ 96, 0, 0, 34, ಮೌಲ್ಯ 1 ಎಂದಿಟ್ಟುಕೊಳ್ಳಿ: ಮೊತ್ತ 131, ಶೇಷ 3, ಚೆಕ್‌ಸಮ್ 125, ಹೆಕ್ಸ್‌ನಲ್ಲಿ 7ಡಿ. ಶೇಷ 0 ಬಂದರೆ ಚೆಕ್‌ಸಮ್ಮೂ 0, 128 ಅಲ್ಲ. ಮಾದರಿ ಸಂದೇಶ ನಕಲು ಮಾಡಿ ಮೌಲ್ಯ ಬದಲಿಸಿ ಚೆಕ್‌ಸಮ್ ಹಳೆಯದೇ ಉಳಿಸಿದರೆ ಆಂಪ್ ಅದನ್ನು ಸದ್ದಿಲ್ಲದೆ ತಳ್ಳಿಹಾಕುತ್ತದೆ. ಹಲವು ಸಂದೇಶಗಳಿದ್ದರೆ ನಡುವೆ 20–40 ಮಿಲಿಸೆಕೆಂಡ್ ಉಸಿರಾಡಲು ಬಿಡಿ.

ಯುಎಸ್‌ಬಿ ಚುಚ್ಚಿದ ತಕ್ಷಣ ಸ್ಪೀಕರ್‌ನಲ್ಲಿ ಗುಂಯ್ ಅಥವಾ ಕಿರ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡೂ ಸಾಧನಗಳ ಗ್ರೌಂಡ್ ಒಂದಕ್ಕೊಂದು ಸೇರಿದ್ದರಿಂದ ಬಂದ ಸದ್ದು. ಐದು ಪಿನ್ನಿನ ಮಿಡಿಯಲ್ಲಿ ಆಪ್ಟೊಕಪ್ಲರ್ ಇದನ್ನು ತಡೆಯುತ್ತದೆ, ಯುಎಸ್‌ಬಿಯಲ್ಲಿ ಆ ಗೋಡೆ ಇಲ್ಲ. ಆಂಪಿನ ಪ್ಲಗ್ಗಿನಿಂದ ಅರ್ಥ್ ಪಿನ್ ಕಿತ್ತು ಸದ್ದು ನಿಲ್ಲಿಸುವ ಹಳೆಯ ಚಾಳಿ ಪ್ರಾಣಕ್ಕೆ ಎರವಾಗುವಂಥದ್ದು. ಮೊದಲು ಎರಡನ್ನೂ ಸರಿಯಾದ ಅರ್ಥಿಂಗ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ. ಆಗದಿದ್ದರೆ ಯುಎಸ್‌ಬಿ ಐಸೊಲೇಟರ್, ಆದರೆ ಕೊಳ್ಳುವ ಮುನ್ನ ವೇಗ ನೋಡಿ: ಅಗ್ಗದವು 12 ಮೆಗಾಬಿಟ್‌ಗೆ ಸೀಮಿತ, ಹೈಸ್ಪೀಡ್ ಯುಎಸ್‌ಬಿಯಲ್ಲಿ ಆಡಿಯೋ ಕಳಿಸುವ ಆಂಪ್ ಅದರಲ್ಲಿ ಕೆಲಸ ಮಾಡದಿರಬಹುದು.

ಲೂಪ್‌ಬ್ಯಾಕ್ ಪಾಸ್, ಬೇರೆ ಮಿಡಿ ಸಾಧನ ಅದೇ ಕೇಬಲ್‌ಗೆ ಸರಿಯಾಗಿ ಸ್ಪಂದಿಸುತ್ತಿದೆ, ಆಂಪ್ ಕಲಿಕೆಯ ಮೋಡಿನಲ್ಲೂ ಮೌನ ಎಂದಾದರೆ ಉಳಿದದ್ದು ಆಂಪಿನ ಒಳಗಿನ ಇನ್ ಸರ್ಕ್ಯೂಟ್: ಒಂದು 220 ಓಮ್ ರೆಸಿಸ್ಟರ್, ಒಂದು ಸಣ್ಣ ಡಯೋಡ್, 6ಎನ್138 ಅಥವಾ ಅದರಂಥ ಆಪ್ಟೊಕಪ್ಲರ್, ಇಷ್ಟೇ. ಬಿಡಿಭಾಗದ ಬೆಲೆ ಜುಜುಬಿ. ಆದರೂ ವಾಲ್ವ್ ಆಂಪ್‌ನ ಚಾಸಿ ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಟೆಕ್ನಿಷಿಯನ್‌ಗೆ ಕೊಡುವಾಗ ಯಾವ ಯಾವ ಪರೀಕ್ಷೆ ಮುಗಿದಿದೆ ಎಂದು ಚೀಟಿಯಲ್ಲಿ ಬರೆದುಕೊಡಿ. ಅವರು ನೋಡಬೇಕಾದ್ದು 6ಎನ್138ರ 6ನೇ ಕಾಲು: ಸುಮ್ಮನಿದ್ದಾಗ ವೋಲ್ಟೇಜ್ ಮೇಲೆ, ಸಂದೇಶ ಬಂದಾಗ ಸ್ಕೋಪ್‌ನಲ್ಲಿ ಚೌಕಾಕಾರದ ಇಳಿತಗಳು. ಇಳಿತ ಕಂಡರೂ ಅಂಚುಗಳು ಸೋಮಾರಿಯಾಗಿ ಓರೆಯಾಗಿದ್ದರೆ ಬೈಟ್‌ಗಳು ತಪ್ಪಾಗಿ ಓದಿಸಿಕೊಳ್ಳುತ್ತವೆ. 8ನೇ ಕಾಲಿಗೂ 6ನೆಯದಕ್ಕೂ ನಡುವಿನ ಪುಲ್‌ಅಪ್ ರೆಸಿಸ್ಟರ್‌ನ ಬೆಸುಗೆಯನ್ನು ಒಮ್ಮೆ ನೋಡುವುದು ಒಳ್ಳೆಯದು.